ಆಡಲೊಲ್ಲೆವೆಂದ ಸೋದರರು



ದತ್ತಿ ಉಪನ್ಯಾಸಕ್ಕೆ ಕರೆದಾಗ ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿರಿ. ನೀಲಗಿರಿಯ ಈ ವೆಲ್ಲಿಂಗ್ಟನ್ನಿನಲ್ಲಿ ನಿಂತು ಮಾತಾಡುವುದಾದರೆ ಆಟದ ಬಗ್ಗೆ, ಅದರಲ್ಲೂ ಮೈದಾನದಲ್ಲೇ ನಿಂತು ಹುಟ್ಟಿನ ಅವಮಾನವನ್ನು ಎದುರಿಸಿದ ಆಟಗಾರರ ಬಗ್ಗೆ ಮಾತಾಡಬೇಕು ಅನ್ನಿಸಿತು. ಇದು ದಂಡಿನ ಊರು. ಜಗತಳದ ಬಡಗರ ಸೀಮೆಯಲ್ಲಿ ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಬಿಳಿಯ ಸೈನಿಕರಿಗಾಗಿ ಬ್ಯಾರಕ್ಕುಗಳು ಎದ್ದವು. ಇವತ್ತು ಮದ್ರಾಸ್ ರೆಜಿಮೆಂಟಿನ ಕೇಂದ್ರ, ರಕ್ಷಣಾ ಸೇವೆಗಳ ಸ್ಟಾಫ್ ಕಾಲೇಜು ಎರಡೂ ಇಲ್ಲಿವೆ. ಬ್ಯಾರಕ್ಕಿನ ಹಿಂದೆಯೇ ಜಿಮ್‌ಖಾನಾ ಬಂತು, ಕುದುರೆ ಜೂಜಿನ ಬಯಲು ಬಂತು, ಕ್ರಿಕೆಟ್ ಬಂತು. ಭಾರತದಲ್ಲಿ ಕ್ರಿಕೆಟ್ ಬೆಳೆದದ್ದು ರಾಜರ ಅಂಗಳದಲ್ಲಿ ಎಂದು ನಮಗೆ ಹೇಳಿಕೊಡಲಾಗಿದೆ. ಅದು ಅರ್ಧ ಸತ್ಯ. ಉಳಿದರ್ಧ ಬೆಳೆದದ್ದು ಇಂಥ ದಂಡಿನ ಊರುಗಳಲ್ಲಿ, ಸಾಹೇಬರ ಪಿಚ್ಚಿಗೆ ರೋಲರ್ ಎಳೆದವರ ಕೈಯಲ್ಲಿ. ಆ ಕೈಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಮ್ಮ ಧಾರವಾಡದಲ್ಲಿ ಹುಟ್ಟಿತು.

1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಆ ಮಗುವಿನ ಹೆಸರು ಬಾಳೂ. ಕೊಂಕಣದ ಪಾಲವಣ ಎಂಬ ಹಳ್ಳಿಯಿಂದ ಬಂದ ಚಮ್ಮಾರ ಕುಟುಂಬವಾದ್ದರಿಂದ ಪಾಲವಣಕರ. ತಂದೆ ಸೈನ್ಯದ ನೌಕರಿಯಲ್ಲಿದ್ದರು. ಸಂಸಾರ ಪುಣೆಗೆ ಹೋಯಿತು. ಅಧಿಕಾರಿಗಳು ಬಿಸಾಡಿದ ಬ್ಯಾಟು ಚೆಂಡುಗಳಲ್ಲಿ ಬಾಳೂ, ತಮ್ಮ ಶಿವರಾಮ ಆಡಿ ಕಲಿತರು. ಪಾರ್ಸಿಗಳ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸಿ, ರೋಲರ್ ಎಳೆದು ತಿಂಗಳಿಗೆ ಮೂರು ರೂಪಾಯಿ ಸಂಬಳ ಪಡೆಯುತ್ತಿದ್ದ ಹುಡುಗನಿಗೆ ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದಾಗ ಒಂದು ರೂಪಾಯಿ ಹೆಚ್ಚು ಸಿಕ್ಕಿತು. ಅಲ್ಲಿ ನೆಟ್ ಕಟ್ಟುವುದು, ಟೆನಿಸ್ ಅಂಕಣಕ್ಕೆ ಗೆರೆ ಹಾಕುವುದು ಅವನ ಕೆಲಸ. ನಡುವೆ ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯಲು ಹೇಳಿದರು. ಎಡಗೈಯ ನಿಧಾನಗತಿಯ ಸ್ಪಿನ್ ಹಾಗೆ ಹುಟ್ಟಿತು. ಆ ಕಾಲದ ಹೆಸರಾಂತ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಗ್ರೇಗ್ ಗಂಟೆಗಟ್ಟಲೆ ಅವನ ಬೌಲಿಂಗಿನಲ್ಲಿ ಕೈ ಪಳಗಿಸಿಕೊಂಡರು. ಔಟ್ ಮಾಡಿದ ಪ್ರತಿ ಸಲಕ್ಕೂ ಎಂಟಾಣೆ ಕೊಡುತ್ತಿದ್ದರು ಎಂಬ ಕಥೆಯಿದೆ. ಬ್ಯಾಟಿಂಗ್ ಮಾತ್ರ ಆ ಕ್ಲಬ್ಬಿನಲ್ಲಿ ಯಾರೂ ಅವನಿಗೆ ಕೊಡಲಿಲ್ಲ. ಬ್ಯಾಟು ಧಣಿಗಳದು, ಚೆಂಡು ಆಳಿನದು.

ಪುಣೆಯ ಹಿಂದೂಗಳ ಕ್ಲಬ್ಬಿಗೆ ಬಿಳಿಯರನ್ನು ಸೋಲಿಸಬೇಕಿತ್ತು. ಸೋಲಿಸಬಲ್ಲ ಬೌಲರ್ ಊರಲ್ಲೇ ಇದ್ದ, ಆದರೆ ಮುಟ್ಟಬಾರದ ಜಾತಿಯವನು. ಕ್ಲಬ್ಬಿನ ಬ್ರಾಹ್ಮಣರಲ್ಲಿ ದೊಡ್ಡ ಚರ್ಚೆಯೇ ನಡೆದು ಕೊನೆಗೆ ಸೇರಿಸಿಕೊಂಡರು. ಸೇರಿಸಿಕೊಂಡ ಬಗೆ ಹೇಗಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚಹದ ವಿರಾಮದಲ್ಲಿ ತಂಡ ಪೆವಿಲಿಯನ್ನಿನೊಳಗೆ ಪಿಂಗಾಣಿ ಕಪ್ಪಿನಲ್ಲಿ ಚಹ ಕುಡಿಯುತ್ತಿತ್ತು. ಬಾಳೂಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಮುಖ ತೊಳೆಯಬೇಕೆಂದರೆ ಕ್ಲಬ್ಬಿನ ಅಸ್ಪೃಶ್ಯ ಆಳು ಮೈದಾನದ ಮೂಲೆಗೆ ನೀರು ತಂದು ಸುರಿಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಚೆಂಡು ಮಾತ್ರ ಹನ್ನೊಂದು ಜನರ ಕೈಯಲ್ಲೂ ಒಂದೇ. ಅದೂ ಚರ್ಮದ್ದು. ಆ ಚೆಂಡಿಗೆ ಮೈಲಿಗೆ ಇರಲಿಲ್ಲ, ಬಾಳೂನ ಬೆರಳುಗಳಿಗಿತ್ತು. ಸಾತಾರೆಯ ಬಿಳಿಯರು ಅವನ ಸ್ಪಿನ್ ತಿರುಗಬಾರದೆಂದು ಒಂದು ವಾರ ಪಿಚ್ಚಿಗೆ ರೋಲರ್ ಹಾಕಿಸಿದರು. ಅಲ್ಲೂ ಏಳು ವಿಕೆಟ್ ಕಿತ್ತ. ಮಹದೇವ ಗೋವಿಂದ ರಾನಡೆಯವರಂಥವರು ಸಭೆಯಲ್ಲಿ ಅವನನ್ನು ಹೊಗಳಿದರು. ಹೊಗಳಿಕೆ ಬಂತು, ಕಪ್ಪು ಬದಲಾಗಲಿಲ್ಲ.

ಇಲ್ಲಿ ಒಂದು ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದಿರಬಹುದು. ಜಗತ್ತು ಜನಾಂಗದ್ವೇಷದ ಮಾತಾಡುವಾಗ ಇವರು ಜಾತಿಯ ಮಾತು ತೆಗೆದರಲ್ಲ, ಎರಡೂ ಒಂದೆಯೇ ಎಂದು. ಒಂದಲ್ಲ. ಆದರೆ ಈ ಪ್ರಶ್ನೆಗೆ ನೀಲಗಿರಿಯಷ್ಟು ಹತ್ತಿರದ ಸೀಮೆ ಬೇರೆ ಇಲ್ಲ. ಬಾಳೂ ಪುಣೆಯಲ್ಲಿ ಕುಡಿಕೆ ಹಿಡಿದು ಹೊರಗೆ ನಿಂತಿದ್ದ ಅದೇ 1890ರ ದಶಕದಲ್ಲಿ ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಈ ಬೆಟ್ಟಗಳಿಗೆ ಬಂದು ತೊದವರ, ಕೋತರ, ಬಡಗರ, ಇರುಳರ ತಲೆ ಮೂಗುಗಳನ್ನು ಕ್ಯಾಲಿಪರ್ ಹಿಡಿದು ಅಳೆದರು, ಅಳತೆಗಳನ್ನು ಮ್ಯೂಸಿಯಮ್ಮಿನ ಬುಲೆಟಿನ್‌ಗಳಲ್ಲಿ ಅಚ್ಚು ಹಾಕಿಸಿದರು. ಮನುಷ್ಯನ ಯೋಗ್ಯತೆ ಮೂಗಿನ ಅಗಲದಲ್ಲಿದೆ ಎಂಬ ಆ ಕಾಲದ ನಂಬಿಕೆಗೆ ನಿಮ್ಮ ಅಜ್ಜಂದಿರ ಮುಖಗಳೇ ಸಾಮಗ್ರಿಯಾದವು. ಜಾತಿಯೆಂದರೆ ಜನಾಂಗ ಎಂಬ ವಾದವನ್ನು ಅಂಬೇಡ್ಕರ್ 1936ರ 'ಜಾತಿವಿನಾಶ'ದಲ್ಲಿ ತಳ್ಳಿಹಾಕಿದರು. ಅದೇ ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿಯನ್ನು ಕೇಳಿದರು. ಬೇರೆ ಬೇರೆ ಕಾಯಿಲೆ ಎಂದು ಗೊತ್ತಿದ್ದೂ ಅಲ್ಲಿನ ಮದ್ದೇನು ಎಂದು ವಿಚಾರಿಸಿದರು. ನನಗೂ ಅಷ್ಟೇ ಸಾಕು.

ಪ್ಲೇಗಿನ ಕಾಲದಲ್ಲಿ ಬಾಳೂ ಮುಂಬಯಿಗೆ ಬಂದ. ಪರಮಾನಂದದಾಸ ಜೀವನದಾಸ ಹಿಂದೂ ಜಿಮ್‌ಖಾನಾದಲ್ಲಿ ಮತ್ತೆ ಅದೇ ಆಕ್ಷೇಪ, ಮತ್ತೆ ಅದೇ ಒಲ್ಲದ ಒಪ್ಪಿಗೆ. 1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದ್ದು ಅವನ ಬೌಲಿಂಗಿನಿಂದ. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಶಿವರಾಮನೂ ಜೊತೆಗಿದ್ದ. ಆ ತಂಡ ಸೋತದ್ದೇ ಹೆಚ್ಚು. ಬಾಳೂ ಒಬ್ಬನೇ ನೂರಕ್ಕಿಂತ ಹೆಚ್ಚು ವಿಕೆಟ್ ತೆಗೆದ. ಕೇಂಬ್ರಿಡ್ಜ್ ವಿರುದ್ಧ ಒಂದೇ ಇನಿಂಗ್ಸಿನಲ್ಲಿ ಎಂಟು. ಊರಿಗೆ ಮರಳಿದಾಗ ಮುಂಬಯಿಯ ದಲಿತರು ಸನ್ಮಾನ ಮಾಡಿದರು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಅಂಬೇಡ್ಕರರಿಗೆ ಬಾಳೂ ಆರಾಧ್ಯ ವೀರ. ಇಬ್ಬರೂ ಸೈನ್ಯದ ನೌಕರರ ಮಕ್ಕಳು, ಒಬ್ಬರು ಹುಟ್ಟಿದ್ದು ಧಾರವಾಡದಲ್ಲಿ, ಇನ್ನೊಬ್ಬರು ಮಹೂ ದಂಡಿನಲ್ಲಿ.

ಇಷ್ಟು ವಿಕೆಟ್ ತೆಗೆದವನಿಗೆ ನಾಯಕತ್ವ ಸಿಗಬೇಕಿತ್ತು. ಸಿಗಲಿಲ್ಲ. ವರ್ಷ ವರ್ಷವೂ ಸಿಗಲಿಲ್ಲ. ಬಾಳೂ ಬಾಯಿಬಿಟ್ಟು ಕೇಳಿದವರಲ್ಲ.

ಬಾಳೂ ಆಡುತ್ತಿದ್ದ ಮುಂಬಯಿಯ ಟೂರ್ನಿಯ ಸ್ವರೂಪ ನೆನಪಿರಲಿ. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, 1912ರಿಂದ ಮುಸ್ಲಿಮರು. ತಂಡಗಳಿಗೆ ಧರ್ಮದ ಹೆಸರು. ಇದರಲ್ಲೊಂದು ಗಂಟಿತ್ತು. ಹಿಂದೂ ತಂಡ ಎಂದು ಹೆಸರಿಟ್ಟುಕೊಂಡ ಮೇಲೆ ಬಾಳೂ, ಶಿವರಾಮ, ಇನ್ನಿಬ್ಬರು ತಮ್ಮಂದಿರಾದ ಗಣಪತ, ವಿಠ್ಠಲ ನಾಲ್ವರನ್ನೂ ಹಿಂದೂಗಳೆಂದು ಒಪ್ಪಲೇಬೇಕು. ದೇವಸ್ಥಾನದ ಬಾಗಿಲಲ್ಲಿ ಒಪ್ಪದಿದ್ದರೂ ಸ್ಕೋರು ಪಟ್ಟಿಯಲ್ಲಿ ಒಪ್ಪಬೇಕು. ಅವರಿಲ್ಲದೆ ಗೆಲುವು ಕಷ್ಟ. ಅವರಿಲ್ಲದೆ ಹೆಸರೂ ಸುಳ್ಳು. ಈ ಗಂಟು ಎಲ್ಲಿದೆಯೆಂದು ತಮ್ಮಂದಿರು ಕಂಡುಕೊಂಡರು.

1920. ಹಿಂದೂ ತಂಡಕ್ಕೆ ಎಂ.ಡಿ. ಪೈ ನಾಯಕ. ಅವರಿಗೆ ಕಾಯಿಲೆಯಾಯಿತು. ಮೊದಲ ಪಂದ್ಯ ಮುಸ್ಲಿಮರ ಎದುರು. ನಾಯಕತ್ವವನ್ನು ಆಯ್ಕೆ ಸಮಿತಿ ಪುಣೆಯ ಡಿ.ಬಿ. ದೇವಧರರಿಗೆ ಕೊಟ್ಟಿತು. ದೇವಧರ್ ಒಳ್ಳೆಯ ಬ್ಯಾಟ್ಸ್‌ಮನ್, ಮುಂದೆ ಸಂಸ್ಕೃತ ಪ್ರಾಧ್ಯಾಪಕರಾಗಿ, ಆಟಗಾರರಾಗಿ ಎರಡೂ ಕಡೆ ಹೆಸರು ಮಾಡಿದವರು. ಆದರೆ ಶಿವರಾಮನಿಗಿಂತ, ವಿಠ್ಠಲನಿಗಿಂತ ತಂಡದಲ್ಲಿ ಕಿರಿಯರು. ನಲವತ್ತು ದಾಟಿದ್ದ ಬಾಳೂನನ್ನಂತೂ ತಂಡದಿಂದಲೇ ಕೈಬಿಟ್ಟಿದ್ದರು. ಶಿವರಾಮ, ವಿಠ್ಠಲ ಇಬ್ಬರೂ ಆಡಲೊಲ್ಲೆವೆಂದರು. ಸುಮ್ಮನೆ ಕಾಯಿಲೆಯೆಂದೋ ಮನೆಯ ತೊಂದರೆಯೆಂದೋ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಮರ್ಯಾದಸ್ಥರು ಹಾಗೆ ಮಾಡುತ್ತಿದ್ದರು. ಇವರು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು. ನಾವು ಅಸ್ಪೃಶ್ಯರೆನಿಸಿಕೊಂಡ ಜಾತಿಯವರು ಎಂಬ ಕಾರಣಕ್ಕೆ ನಮ್ಮನ್ನು ಬದಿಗಿರಿಸಲಾಗಿದೆ, ಇದು ಆಟದ ಧರ್ಮಕ್ಕೆ ಹೊರತಾದದ್ದು, ಇದನ್ನು ಸಹಿಸಿ ಆಡಲಾರೆವು ಎಂಬುದು ಅದರ ತಿರುಳು.

ಆ ವರ್ಷದ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ವಿಶೇಷ ಅಧಿವೇಶನದಲ್ಲಿ ಕಾಂಗ್ರೆಸ್ ಅಸಹಕಾರಕ್ಕೆ ಒಪ್ಪಿತ್ತು. ಕೋರ್ಟು ಬಿಡಿ, ಕಾಲೇಜು ಬಿಡಿ, ಬಿರುದು ಹಿಂದಿರುಗಿಸಿ ಎಂದು ಗಾಂಧಿ ದೇಶಕ್ಕೆಲ್ಲ ಹೇಳುತ್ತಿದ್ದರು. ಬ್ರಿಟಿಷರ ವಿರುದ್ಧ ಹಿಂದೂಗಳು ಹಿಡಿದ ಆಯುಧವನ್ನು ಈ ಇಬ್ಬರು ಹಿಂದೂ ತಂಡದ ವಿರುದ್ಧವೇ ಹಿಡಿದರು. ಅಸ್ಪೃಶ್ಯತೆಯ ವಿರುದ್ಧವೂ ಗಾಂಧಿ ಮಾತಾಡುತ್ತಿದ್ದ ಕಾಲವಾದ್ದರಿಂದ ಸೋದರರಿಗೆ ಬೆಂಬಲ ಹರಿದುಬಂತು. ಜಿಮ್‌ಖಾನಾ ಇಕ್ಕಟ್ಟಿಗೆ ಸಿಕ್ಕಿತು. ಪಾರ್ಸಿಗಳ ಎದುರಿನ ಅಂತಿಮ ಪಂದ್ಯಕ್ಕೆ ಸೋದರರು ಮರಳಿದರು, ಬಾಳೂ ಉಪನಾಯಕನಾದ. ಚೇತರಿಸಿಕೊಂಡು ಬಂದಿದ್ದ ಪೈ ಆಟದ ನಡುವೆ ಬೇಕೆಂದೇ ಮೈದಾನದಿಂದ ಹೊರಗೆ ಹೋದರು. ಅಷ್ಟು ಹೊತ್ತು ಹಿಂದೂ ತಂಡವನ್ನು ಬಾಳೂ ನಡೆಸಿದ. ಪೈಯವರ ಈ ನಡೆ ನನಗೆ ಬಹಳ ಪ್ರಿಯವಾದದ್ದು. ನಾಯಕ ಎಂಬ ಹೆಸರನ್ನು ಬಾಳೂಗೆ ಕೊಡುವ ಅಧಿಕಾರ ಅವರಿಗಿರಲಿಲ್ಲ. ತಮ್ಮ ಜಾಗ ಖಾಲಿ ಮಾಡುವ ಅಧಿಕಾರ ಇತ್ತು; ಅದನ್ನು ಚಲಾಯಿಸಿದರು.

ಮೂರು ವರ್ಷಗಳ ಮೇಲೆ, 1923ರಲ್ಲಿ, ವಿಠ್ಠಲ ನಾಯಕನಾದ. ಆ ವರ್ಷ ಯುರೋಪಿಯನ್ನರನ್ನು ಸೋಲಿಸಿ ಹಿಂದೂಗಳು ಕಪ್ ಗೆದ್ದಾಗ ಪ್ರೇಕ್ಷಕರು ಅವನನ್ನು ಹೆಗಲ ಮೇಲೆ ಹೊತ್ತರು. ಮುಟ್ಟಿದರೆ ಸ್ನಾನ ಮಾಡಬೇಕಾದ ಮೈಯನ್ನು ಹೊತ್ತ ಹೆಗಲುಗಳಲ್ಲಿ ಜನಿವಾರವಿದ್ದ ಹೆಗಲುಗಳೂ ಇದ್ದವು. 1925, 1926ರಲ್ಲೂ ಹಿಂದೂಗಳೇ ಗೆದ್ದರು.

ಮೆಕ್ಸಿಕೊ ಒಲಿಂಪಿಕ್ಸ್ ನಮಗೆಲ್ಲ ಗೊತ್ತು. 1968ರ ಅಕ್ಟೋಬರ್ 16ರಂದು ಇನ್ನೂರು ಮೀಟರ್ ಓಟದ ಪದಕದ ಮೆಟ್ಟಿಲ ಮೇಲೆ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಕಪ್ಪು ಕೈಗವಸು ತೊಟ್ಟು ಮುಷ್ಟಿ ಎತ್ತಿದ ಚಿತ್ರ ನಮ್ಮ ಹಾಸ್ಟೆಲ್ ಗೋಡೆಗಳ ಮೇಲೂ ಇತ್ತು. ಬೆಳ್ಳಿ ಗೆದ್ದ ಆಸ್ಟ್ರೇಲಿಯದ ಪೀಟರ್ ನಾರ್ಮನ್ ಕೈ ಎತ್ತಲಿಲ್ಲ, ಆದರೆ ಅವರ ಚಳವಳಿಯ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು ನಿಂತ. ಅದಕ್ಕೂ ನಲವತ್ತೆಂಟು ವರ್ಷ ಮೊದಲು ಧಾರವಾಡದ ಕೂಸಿನ ತಮ್ಮಂದಿರು ಮಾಡಿದ್ದು ನಮ್ಮ ಪಠ್ಯಗಳಲ್ಲಿ, ನಮ್ಮ ಕ್ರೀಡಾಪುಟಗಳಲ್ಲಿ ಎಷ್ಟು ಸಲ ಬಂದಿದೆ? ದೂರದ ಊರಿನ ಅನ್ಯಾಯವನ್ನು ಖಂಡಿಸುವಾಗ ನಮ್ಮ ಕಡೆಯವರ ಮುಖ ಎಲ್ಲೂ ಬರುವುದಿಲ್ಲ. ಮೆಕ್ಸಿಕೊದ ಮುಷ್ಟಿ ನಮ್ಮ ಕಡೆಗೆ ಎತ್ತಿದ್ದಲ್ಲ. 1920ರ ಹೇಳಿಕೆ ನಮ್ಮನ್ನೇ ಕುರಿತದ್ದು. ಕ್ರಿಕೆಟ್ ಮಂಡಳಿಯ ದೊಡ್ಡ ಟೂರ್ನಿಗಳಿಗೆ ರಣಜಿಯ ಹೆಸರಿದೆ, ದುಲೀಪರ ಹೆಸರಿದೆ, ದೇವಧರರ ಹೆಸರಿದೆ, ಹಜಾರೆಯವರ ಹೆಸರಿದೆ. ಪಾಲವಣಕರ ಎಂಬ ಹೆಸರಿಲ್ಲ.

ನನ್ನ ಮಾತಿನ ಬೇರು ಇದೇ. ಆಟಗಾರನ ಪ್ರತಿಭಟನೆಯನ್ನು ನಾನು ತೂಗುವುದು ಒಂದೇ ತಕ್ಕಡಿಯಲ್ಲಿ: ಅವನು ಎದುರಾಳಿಯ ತಪ್ಪನ್ನು ತೋರಿಸಿದನೋ, ತನ್ನ ತಂಡದ ತಪ್ಪನ್ನೋ. ಮೊದಲನೆಯದಕ್ಕೂ ಬೆಲೆಯಿದೆ. 1974ರಲ್ಲಿ ಭಾರತ ಡೇವಿಸ್ ಕಪ್ ಫೈನಲ್ ತಲುಪಿತ್ತು. ವಿಜಯ್ ಅಮೃತರಾಜ್, ಆನಂದ್ ಅಮೃತರಾಜ್ ತಮ್ಮ ಆಟದ ತುತ್ತತುದಿಯಲ್ಲಿದ್ದರು. ಎದುರಿಗೆ ವರ್ಣಭೇದದ ದಕ್ಷಿಣ ಆಫ್ರಿಕ. ಭಾರತ ಆಡಲಿಲ್ಲ, ಕಪ್ ಅವರಿಗೆ ಹೋಯಿತು. ಆ ಕಪ್ಪನ್ನು ನಾವು ಇಂದಿಗೂ ಗೆದ್ದಿಲ್ಲ. ದೊಡ್ಡ ತ್ಯಾಗ ಅದು, ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಆದರೆ ಅಲ್ಲಿ ತೀರ್ಮಾನ ದೇಶದ್ದು, ಇಡೀ ದೇಶ ಬೆನ್ನಿಗಿತ್ತು.

ನಿಮ್ಮ ಊರಿನ ಹೆಸರನ್ನೇ ಹೊತ್ತ ಇನ್ನೊಂದು ವೆಲ್ಲಿಂಗ್ಟನ್ ನ್ಯೂಜಿಲೆಂಡಿನ ರಾಜಧಾನಿ. 1981ರಲ್ಲಿ ದಕ್ಷಿಣ ಆಫ್ರಿಕದ ರಗ್ಬಿ ತಂಡ ಅಲ್ಲಿಗೆ ಪ್ರವಾಸ ಬಂದಾಗ ದೇಶ ಎರಡು ಹೋಳಾಯಿತು. ಜುಲೈ 29ರಂದು ಆ ವೆಲ್ಲಿಂಗ್ಟನ್ನಿನ ಮೋಲ್ಸ್‌ವರ್ತ್ ಬೀದಿಯಲ್ಲಿ ಮೆರವಣಿಗೆ ಹೊರಟವರ ಮೇಲೆ ಪೊಲೀಸರು ಲಾಠಿ ಬೀಸಿದರು. ರಗ್ಬಿಯೆಂದರೆ ಅಲ್ಲಿ ಮತದಷ್ಟೇ ಗಟ್ಟಿ. ಅಂಥ ಕಡೆ ರಾಷ್ಟ್ರೀಯ ತಂಡದ ನಾಯಕ ಗ್ರಹಾಂ ಮೌರಿ, ವ್ಯವಸಾಯಗಾರ, ಆ ಸರಣಿಯಲ್ಲಿ ನಾನು ಆಡುವುದಿಲ್ಲ ಎಂದುಬಿಟ್ಟ. ಮನೆಯ ಪಕ್ಕದವನೇ ಮುನಿಸಿಕೊಳ್ಳುವ ಪ್ರತಿಭಟನೆ ಅದು. ಮೌರಿಗೂ ಪಾಲವಣಕರರಿಗೂ ಒಂದು ವ್ಯತ್ಯಾಸ ಉಂಟು: ಮೌರಿ ಬಿಟ್ಟುಕೊಟ್ಟದ್ದು ತನ್ನದಾಗಿದ್ದ ನಾಯಕತ್ವವನ್ನು. ಇವರು ಪಣಕ್ಕಿಟ್ಟದ್ದು ಎರಡು ತಲೆಮಾರು ಬೆವರು ಸುರಿಸಿ ಪಡೆದ, ಯಾವ ಕ್ಷಣದಲ್ಲೂ ಕಳೆದುಹೋಗಬಹುದಾಗಿದ್ದ ಒಂದು ಜಾಗವನ್ನು.

ಹಾಗಾದರೆ ಬಾಳೂ ಯಾಕೆ ಇಪ್ಪತ್ತು ವರ್ಷ ಸುಮ್ಮನಿದ್ದರು? ಕೆಲವರು ಇದನ್ನು ಅವರ ಮೇಲಿನ ದೂರಾಗಿ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮೊದಲು ಒಳಗೆ ಹೋದವನ ಕಷ್ಟವೇ ಬೇರೆ. ಅವನು ಸಿಡಿದರೆ ಬಾಗಿಲು ಅವನೊಬ್ಬನಿಗೆ ಮುಚ್ಚುವುದಿಲ್ಲ, ಹಿಂದೆ ನಿಂತ ಮೂವರು ತಮ್ಮಂದಿರಿಗೂ ಮುಚ್ಚುತ್ತದೆ. ನಮ್ಮ ಕಾಲದಲ್ಲೇ ದೊಡ್ಡ ಗಣೇಶ್ ಅವರನ್ನು ನೋಡಿ. 1997ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟ ಕರ್ನಾಟಕದ ವೇಗಿ, ರಾಜ್ಯಕ್ಕೆ ರಣಜಿ ಗೆದ್ದುಕೊಟ್ಟವರಲ್ಲೊಬ್ಬರು. ತಮಿಳುನಾಡಿನ ಅಭಿನವ್ ಮುಕುಂದ್ ಮೈಬಣ್ಣದ ಹಂಗಿಸುವಿಕೆಯ ಬಗ್ಗೆ 2017ರಲ್ಲಿ ಬರೆದದ್ದು 2020ರಲ್ಲಿ, ಅಮೆರಿಕದ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರ, ಮತ್ತೆ ಸುದ್ದಿಯಾದಾಗ ಗಣೇಶ್ ತಾವೂ ಆಡುವ ದಿನಗಳಲ್ಲಿ ಅಂಥ ಮಾತು ಕೇಳಿದ್ದನ್ನು ಬಹಿರಂಗವಾಗಿ ಹೇಳಿದರು. ಎರಡು ದಶಕಗಳಿಗೂ ಹೆಚ್ಚು ಕಾಲದ ಮೇಲೆ. ತೊಂಬತ್ತರ ದಶಕದಲ್ಲಿ ಹೊಸ ಹುಡುಗ ಅದನ್ನು ಯಾರ ಮುಂದೆ ಹೇಳಬೇಕಿತ್ತು? ತಡವಾಗಿ ಬಂದ ಮಾತನ್ನು ಹೇಡಿತನ ಎನ್ನುವವರು, ಹೇಳಿದ್ದರೆ ಮುಂದಿನ ಪಂದ್ಯದಲ್ಲಿ ಜಾಗ ಇರುತ್ತಿತ್ತೇ ಎಂಬುದಕ್ಕೂ ಉತ್ತರ ಕೊಡಬೇಕು.

ಬಾಳೂ ಅವರನ್ನು ಸಂತನನ್ನಾಗಿಸುವ ಆಸೆಯೂ ನನಗಿಲ್ಲ. 1932ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಅವರು ಮದ್ರಾಸಿನ ದಲಿತ ನಾಯಕ ಎಂ.ಸಿ. ರಾಜಾ ಅವರ ಜೊತೆ ನಿಂತರು, ಅಂಬೇಡ್ಕರರ ಜೊತೆಯಲ್ಲ. 1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ಎದುರೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಳೂಗೆ 11,225. ತಾನು ಮೆಚ್ಚಿ ಬೆಳೆದ ಆಟಗಾರನನ್ನು ಸೋಲಿಸಬೇಕಾಗಿ ಬಂದ ಆ ಚುನಾವಣೆ ನೋವಿನದು. ಅಲ್ಲಿ ಸರಿ ಯಾರ ಕಡೆ ಇತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ, ಅಂಬೇಡ್ಕರರ ಕಡೆ. ಆದರೂ ಬಾಳೂ ಚಹದ ಕುಡಿಕೆ ಹಿಡಿದು ಹೊರಗೆ ನಿಂತ ಮಧ್ಯಾಹ್ನಗಳು ಆ ಸೋಲಿನಿಂದ ಅಳಿಸಿಹೋಗುವುದಿಲ್ಲ. 1955ರಲ್ಲಿ ಅವರು ತೀರಿಕೊಂಡರು.

ಈಗ 2021ಕ್ಕೆ ಬರುತ್ತೇನೆ. ಆ ವರ್ಷ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕದ ವಿರುದ್ಧ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಭಾರತೀಯ ಮಹಿಳೆ. ಕೆಲವೇ ದಿನಗಳಲ್ಲಿ, ಆಗಸ್ಟ್ 4ರಂದು, ಅರ್ಜೆಂಟೀನಾ ಎದುರು ಸೆಮಿಫೈನಲ್ ಸೋತಾಗ ಹರಿದ್ವಾರದ ಬಳಿಯ ಅವರ ಮನೆಯ ಮುಂದೆ ಪಟಾಕಿ ಸಿಡಿಸಿ, ಜಾತಿ ಹಿಡಿದು ಬೈದು ಕುಣಿದರು ಎಂದು ಮನೆಯವರು ದೂರು ಕೊಟ್ಟರು. ನಾಯಕಿ ರಾಣಿ ರಾಂಪಾಲ್ ತಂಡದ ಪರವಾಗಿ ಇದು ನಾಚಿಕೆಗೇಡು ಎಂದು ಬಾಯಿಬಿಟ್ಟು ಹೇಳಿದರು. ಅಕ್ಟೋಬರ್ 24ರಂದು ದುಬೈನಲ್ಲಿ ಪಾಕಿಸ್ತಾನದ ಎದುರಿನ ಟಿ-20 ವಿಶ್ವಕಪ್ ಪಂದ್ಯಕ್ಕೆ ಮೊದಲು ಭಾರತದ ಪುರುಷರ ತಂಡ ಕಪ್ಪು ಜನರ ಚಳವಳಿಗೆ ಬೆಂಬಲವಾಗಿ ಮೊಣಕಾಲೂರಿತು. ಕ್ರೀಸಿನ ಬಳಿ ನಮ್ಮ ಕೆ.ಎಲ್. ರಾಹುಲ್, ರೋಹಿತ್ ಶರ್ಮ. ಬೌಂಡರಿ ಗೆರೆಯ ಬಳಿ ಉಳಿದವರು. ತಂಡದ ಆಡಳಿತದಿಂದ ಸೂಚನೆ ಬಂದಿತ್ತು ಎಂದು ನಾಯಕ ವಿರಾಟ್ ಕೊಹ್ಲಿ ಆಮೇಲೆ ಹೇಳಿದರು. ಮಿನಿಯಾಪೊಲಿಸ್‌ನಲ್ಲಿ ನಡೆದ ಫ್ಲಾಯ್ಡ್ ಕೊಲೆಗೆ ಊರಿದ ಆ ಮೊಣಕಾಲುಗಳನ್ನು ನೋಡುವಾಗ ನನ್ನ ಮನಸ್ಸು ಹರಿದ್ವಾರದ ಬೀದಿಯಲ್ಲಿತ್ತು. ಎಷ್ಟೋ ಜನರದು ಅಲ್ಲಿ ಇದ್ದಿರಬೇಕು.

ಆ ರಾತ್ರಿ ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಪಂದ್ಯ ಮುಗಿದ ಕೂಡಲೇ ವೇಗಿ ಮೊಹಮ್ಮದ್ ಶಮಿಯ ಮೇಲೆ ಅವರ ಧರ್ಮ ಹಿಡಿದು ಬೈಗುಳದ ಮಳೆ ಸುರಿಯಿತು. ಬೈದವರು ಎದುರಾಳಿಯ ಅಭಿಮಾನಿಗಳಲ್ಲ, ನಮ್ಮವರೇ. ಅಕ್ಟೋಬರ್ 30ರಂದು ಪತ್ರಕರ್ತರ ಮುಂದೆ ಕೊಹ್ಲಿ ಸೂಚನೆಗಾಗಿ ಕಾಯದೆ ಮಾತಾಡಿದರು: ಧರ್ಮದ ಹೆಸರಲ್ಲಿ ಒಬ್ಬನನ್ನು ಹೀಯಾಳಿಸುವುದಕ್ಕಿಂತ ಹೀನವಾದದ್ದು ಇಲ್ಲವೆಂದರು, ಶಮಿಯ ಬೆನ್ನಿಗೆ ತಂಡ ನೂರಕ್ಕೆ ಇನ್ನೂರು ಪಾಲು ನಿಂತಿದೆಯೆಂದರು. ಮೊಣಕಾಲೂರಿದ್ದಕ್ಕೆ ತೆರಬೇಕಾಗಿ ಬರದ ಬೆಲೆಯನ್ನು ಈ ಮಾತಿಗೆ ತೆರಬೇಕಾಯಿತು. ಅವರ ಹಸುಗೂಸಿಗೂ ಬೆದರಿಕೆ ಬಂತು, ಪೊಲೀಸರು ಒಬ್ಬನನ್ನು ಬಂಧಿಸಿದರು. ಮಾತಾಡಿದ ಮರುದಿನ ನ್ಯೂಜಿಲೆಂಡ್ ಎದುರು ಆಡಲಿಳಿದ ತಂಡದಲ್ಲಿ ಬದಲಾವಣೆಗಳಾಗಿದ್ದವು. ಭುವನೇಶ್ವರ್ ಹೊರಗಿದ್ದರು, ಸೂರ್ಯಕುಮಾರ್ ಹೊರಗಿದ್ದರು. ಶಮಿ ಹನ್ನೊಂದರಲ್ಲಿದ್ದರು.